ಅಕ್ವೇರಿಯಂ ನೀರು ತಿಳಿಯಾಗಿದ್ದರೂ ಮೀನು ಸಾಯುವುದೇಕೆ? ಫಿಲ್ಟರ್ ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ಮನೆಯ ಅಕ್ವೇರಿಯಂನಲ್ಲಿ ಮೀನು ಸತ್ತರೆ ಬೇಸರ ಬೇಡ, ಮನೆಯವರಿಗೆ ಬರಬೇಕಿದ್ದ ಕೆಡುಕನ್ನು ಅದು ತನ್ನ ಮೇಲೆ ಎಳೆದುಕೊಂಡಿದೆ ಎನ್ನುವ ಅರ್ಥದ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಒಮ್ಮೆಯಾದರೂ ಬಂದಿರಬಹುದು. ಇದರ ಜೊತೆಗೆ ಇನ್ನೂ ಕೆಲವು ಸಲಹೆಗಳು ಓಡಾಡುತ್ತಿರುತ್ತವೆ. ವಾರಕ್ಕೊಮ್ಮೆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ತೊಳೆಯಿರಿ, ರಾತ್ರಿ ಫಿಲ್ಟರ್ ಆಫ್ ಮಾಡಿ ಕರೆಂಟ್ ಉಳಿಸಿ, ಒಂದು ಸಕ್ಕರ್ ಮೀನು ಬಿಟ್ಟರೆ ಫಿಲ್ಟರೇ ಬೇಕಿಲ್ಲ, ಹೀಗೆ.

ನಂಬಿಕೆ ಅವರವರದು. ಆದರೆ ಮೀನು ಸತ್ತಾಗ "ದೃಷ್ಟಿ ಕಳೆಯಿತು" ಎಂದು ಸುಮ್ಮನಾದರೆ ನಿಜವಾದ ಕಾರಣವನ್ನು ಯಾರೂ ಹುಡುಕುವುದಿಲ್ಲ. ಮುಂದಿನ ವಾರ ಅಂಗಡಿಯಿಂದ ಇನ್ನೆರಡು ಮೀನು ಬರುತ್ತವೆ. ಅವೂ ಹಾಗೆಯೇ ಸಾಯುತ್ತವೆ. ಮನೆಯ ಮಕ್ಕಳು ಅಳುತ್ತಾರೆ. ಹೊಸ ಟ್ಯಾಂಕುಗಳಲ್ಲಿ ಹೀಗೆ ಸಾಯುವ ಬಹುಪಾಲು ಮೀನುಗಳನ್ನು ಉಳಿಸಬಹುದು. ಅದಕ್ಕೆ ನೀರಿನಲ್ಲಿ ಏನು ನಡೆಯುತ್ತದೆ, ಫಿಲ್ಟರ್ ನಿಜಕ್ಕೂ ಏನು ಮಾಡುತ್ತದೆ, ನಿಮ್ಮ ಟ್ಯಾಂಕಿಗೆ ಯಾವುದು ಸರಿ ಎಂಬ ಮೂರು ವಿಷಯ ಗೊತ್ತಿದ್ದರೆ ಸಾಕು. ಒಂದೊಂದಾಗಿ ನೋಡೋಣ.

ಕಣ್ಣಿಗೆ ಕಾಣದ ಕೊಳೆ

ನೀರು ಕದಡಿದ್ದರೆ ಕೊಳೆ, ತಿಳಿಯಾಗಿದ್ದರೆ ಸ್ವಚ್ಛ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಮೀನಿನ ಲೆಕ್ಕವೇ ಬೇರೆ. ಮೀನುಗಳು ತಮ್ಮ ದೇಹದ ತ್ಯಾಜ್ಯವನ್ನು ಹೆಚ್ಚಾಗಿ ಅಮೋನಿಯಾ ರೂಪದಲ್ಲಿ, ಕಿವಿರುಗಳ ಮೂಲಕವೇ ನೀರಿಗೆ ಬಿಡುತ್ತವೆ. ತಿನ್ನದೆ ಉಳಿದ ಆಹಾರ, ಮೀನಿನ ಹಿಕ್ಕೆ, ಕೊಳೆತ ಎಲೆ, ಇವುಗಳಿಂದಲೂ ಅಮೋನಿಯಾ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ. ಕನ್ನಡಿಯಂತೆ ಹೊಳೆಯುವ ನೀರಿನಲ್ಲೂ ಅದು ಇರಬಹುದು.

ಕೆರೆ, ಹೊಳೆಗಳಲ್ಲಿ ನೀರು ಅಪಾರ, ಮೀನು ಕಡಿಮೆ. ಅಲ್ಲಿ ಅಮೋನಿಯಾ ಕರಗಿ ಹೋಗುತ್ತದೆ. ಐವತ್ತು ಲೀಟರ್ ಗಾಜಿನ ಪೆಟ್ಟಿಗೆಯಲ್ಲಿ ಅದು ದಿನೇ ದಿನೇ ಕೂಡುತ್ತಾ ಹೋಗುತ್ತದೆ. ಹೆಚ್ಚಾದಾಗ ಮೀನಿನ ಕಿವಿರು ಸುಟ್ಟಂತಾಗುತ್ತದೆ. ಮೀನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಾಯಿ ಬಿಡುತ್ತದೆ, ಮೂಲೆಯಲ್ಲಿ ಮಂಕಾಗಿ ನಿಲ್ಲುತ್ತದೆ, ಆಹಾರ ಬಿಡುತ್ತದೆ.

ನೀರಿನ ಪಿಎಚ್ ಕೂಡ ಇಲ್ಲಿ ಮುಖ್ಯ. ಅಮೋನಿಯಾ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ಒಂದು ಹೆಚ್ಚು ವಿಷಕಾರಿ, ಇನ್ನೊಂದು ಅಷ್ಟಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 7 ಇರುವ ನೀರಿನಲ್ಲಿ ವಿಷಕಾರಿ ರೂಪ ಶೇ. 1ಕ್ಕಿಂತಲೂ ಕಡಿಮೆ. ಪಿಎಚ್ 8 ಆದರೆ ಅದು ಸುಮಾರು ಶೇ. 5ಕ್ಕೆ ಏರುತ್ತದೆ. ಅಂದರೆ ಒಂದೇ ಪ್ರಮಾಣದ ಅಮೋನಿಯಾ ಒಂದು ಮನೆಯಲ್ಲಿ ಮೀನಿಗೆ ಸಹ್ಯವಾಗಿದ್ದು, ಇನ್ನೊಂದು ಮನೆಯಲ್ಲಿ ಪ್ರಾಣ ತೆಗೆಯಬಹುದು. ನಮ್ಮಲ್ಲಿ ಹಲವು ಕಡೆ ಕೊಳವೆಬಾವಿ ನೀರು ಗಡಸಾಗಿ, ಕ್ಷಾರೀಯವಾಗಿರುತ್ತದೆ. ಅಂಥ ನೀರು ಬಳಸುವವರು ಇನ್ನಷ್ಟು ಎಚ್ಚರ ವಹಿಸಬೇಕು.

ಫಿಲ್ಟರ್ ಎಂದರೆ ಜರಡಿ ಮಾತ್ರವಲ್ಲ

ಫಿಲ್ಟರ್ ಎಂದ ಕೂಡಲೇ ನಮಗೆ ಚಹಾ ಸೋಸುವ ಜರಡಿ ನೆನಪಾಗುತ್ತದೆ. ಅಕ್ವೇರಿಯಂ ಫಿಲ್ಟರ್ ಮೂರು ಬಗೆಯ ಕೆಲಸ ಮಾಡಬಲ್ಲದು.

1. ಕಸ ಹಿಡಿಯುವುದು: ಸ್ಪಾಂಜ್ ಅಥವಾ ಹತ್ತಿಯಂಥ ಪದರ ನೀರಿನಲ್ಲಿ ತೇಲುವ ಕಣಗಳನ್ನು ತಡೆಯುತ್ತದೆ. ನೀರು ತಿಳಿಯಾಗಿ ಕಾಣುವುದು ಮುಖ್ಯವಾಗಿ ಇದರಿಂದ.

2. ರಾಸಾಯನಿಕ ಶೋಧನೆ: ಆಕ್ಟಿವೇಟೆಡ್ ಕಾರ್ಬನ್, ಅಂದರೆ ವಿಶೇಷವಾಗಿ ತಯಾರಿಸಿದ ಇದ್ದಿಲು, ನೀರಿನ ಬಣ್ಣ, ವಾಸನೆ, ಉಳಿದ ಔಷಧಿಯನ್ನು ಹೀರುತ್ತದೆ. ಆದರೆ ಅಮೋನಿಯಾವನ್ನು ತೆಗೆಯಲು ಇದನ್ನು ನಂಬುವಂತಿಲ್ಲ. ಕೆಲವು ವಾರಗಳಲ್ಲಿ ಇದರ ಶಕ್ತಿ ಮುಗಿಯುತ್ತದೆ. ಮೀನಿಗೆ ಔಷಧಿ ಹಾಕುವಾಗ ಇದನ್ನು ಹೊರತೆಗೆಯಬೇಕು, ಇಲ್ಲದಿದ್ದರೆ ಔಷಧಿಯನ್ನೇ ಇದ್ದಿಲು ಹೀರಿಬಿಡುತ್ತದೆ.

3. ಜೈವಿಕ ಶೋಧನೆ: ಮೀನಿನ ಪ್ರಾಣ ಉಳಿಸುವುದು ಇದೇ. ಫಿಲ್ಟರ್‌ನ ಸ್ಪಾಂಜ್, ಸೆರಾಮಿಕ್ ಉಂಗುರಗಳ ಮೇಲೆ ಕಾಣದ ಸೂಕ್ಷ್ಮಜೀವಿಗಳು ಮನೆ ಮಾಡುತ್ತವೆ. ಕೆಲವು ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತಕ್ಕೆ ಸೇರಿ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕುಂದಿಸುತ್ತದೆ. ಬೇರೆ ಕೆಲವು ಸೂಕ್ಷ್ಮಜೀವಿಗಳು ಈ ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೇಟ್ ಇವೆರಡಕ್ಕಿಂತ ಎಷ್ಟೋ ಸೌಮ್ಯ. ಅದನ್ನು ನೀರು ಬದಲಿಸಿ ತೆಗೆಯಬಹುದು, ಗಿಡಗಳೂ ಹೀರಿಕೊಳ್ಳುತ್ತವೆ.

ಈ ಸೂಕ್ಷ್ಮಜೀವಿಗಳ ಬಗ್ಗೆ ವಿಜ್ಞಾನವೂ ಇತ್ತೀಚೆಗಷ್ಟೇ ಹೊಸದನ್ನು ಕಲಿತಿದೆ. ಎರಡೂ ಹಂತಗಳಿಗೆ ಬೇರೆ ಬೇರೆ ಜೀವಿಗಳೇ ಬೇಕು ಎಂದು ನೂರು ವರ್ಷಕ್ಕೂ ಹೆಚ್ಚು ಕಾಲ ನಂಬಲಾಗಿತ್ತು. ನೈಟ್ರೋಸ್ಪೈರಾ ಗುಂಪಿನ ಕೆಲವು ಬ್ಯಾಕ್ಟೀರಿಯಾ ಎರಡೂ ಕೆಲಸವನ್ನು ಒಂಟಿಯಾಗಿಯೇ ಮಾಡಬಲ್ಲವು ಎಂದು 2015ರಲ್ಲಿ ಎರಡು ಸಂಶೋಧನಾ ತಂಡಗಳು ತೋರಿಸಿದವು. ಅವುಗಳಲ್ಲಿ ಒಂದು ತಂಡಕ್ಕೆ ಈ ಬ್ಯಾಕ್ಟೀರಿಯಾ ಸಿಕ್ಕಿದ್ದು ಮೀನು ಸಾಕಣೆಯ ಫಿಲ್ಟರ್ ಒಂದರಲ್ಲಿ!

ಈ ಜೀವಿಗಳು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಸ್ಪಾಂಜ್, ಕಲ್ಲು, ಗಾಜಿನ ಮೇಲೆ ಅಂಟಿಕೊಂಡಿರುತ್ತವೆ. ಅವುಗಳಿಗೆ ಆಮ್ಲಜನಕ ಬೇಕು. ಅವು ನಿಧಾನವಾಗಿ ಬೆಳೆಯುತ್ತವೆ. ಈ ಮೂರು ಮಾತು ನೆನಪಿಡಿ, ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಹೊಸ ಟ್ಯಾಂಕಿನಲ್ಲೇ ಹೆಚ್ಚು ಸಾವು ಏಕೆ?

ಹೊಸ ಟ್ಯಾಂಕ್, ಹೊಸ ಫಿಲ್ಟರ್, ಹೊಸ ನೀರು, ಎಲ್ಲವೂ ಶುಭ್ರ. ಆದರೆ ಸೂಕ್ಷ್ಮಜೀವಿಗಳು ಮಾತ್ರ ಇನ್ನೂ ಬಂದಿಲ್ಲ. ಅವು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನಾವು ಮಾಡುವುದೇನು? ಟ್ಯಾಂಕ್ ತಂದ ದಿನವೇ ಹತ್ತು ಮೀನು ಬಿಡುತ್ತೇವೆ. ಮೊದಲ ವಾರ ಅಮೋನಿಯಾ ಏರುತ್ತದೆ, ನಂತರ ನೈಟ್ರೈಟ್ ಏರುತ್ತದೆ, ಮೀನುಗಳು ಒಂದೊಂದಾಗಿ ಸಾಯುತ್ತವೆ. "ಅಂಗಡಿಯವನು ರೋಗದ ಮೀನು ಕೊಟ್ಟ" ಎಂದೋ, "ಮನೆಗೆ ದೃಷ್ಟಿಯಾಗಿತ್ತು" ಎಂದೋ ಹೇಳುತ್ತೇವೆ.

ದಾರಿ ಸರಳ. ಫಿಲ್ಟರ್ ಓಡಲು ಬಿಟ್ಟು, ದಿನಕ್ಕೆ ಚಿಟಿಕೆ ಮೀನಿನ ಆಹಾರ ಹಾಕುತ್ತಾ ಕೆಲವು ವಾರ ಕಾಯಬಹುದು. ಆಹಾರ ಕೊಳೆತು ಬರುವ ಅಮೋನಿಯಾದಿಂದ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಇನ್ನೂ ಬೇಗ ಆಗಬೇಕೆಂದರೆ, ಮೀನು ಆರೋಗ್ಯವಾಗಿರುವ ಸ್ನೇಹಿತರ ಟ್ಯಾಂಕಿನಿಂದ ಬಳಸಿದ ಸ್ಪಾಂಜ್ ತುಂಡೊಂದನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರ್‌ಗೆ ಸೇರಿಸಿ. ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿ, ನೈಟ್ರೇಟ್ ಕಾಣಿಸಿಕೊಂಡರೆ ಟ್ಯಾಂಕ್ ಸಿದ್ಧ. ಆಗಲೂ ಎರಡು ಮೂರು ಮೀನಿನಿಂದ ಶುರುಮಾಡಿ.

ಯಾವ ಫಿಲ್ಟರ್ ಯಾರಿಗೆ?

ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಬಗೆಗಳು ಇವು.

ಸ್ಪಾಂಜ್ ಫಿಲ್ಟರ್: ಏರ್ ಪಂಪ್‌ನಿಂದ ಬರುವ ಗುಳ್ಳೆಗಳು ಕೊಳವೆಯಲ್ಲಿ ಮೇಲೇರುವಾಗ ನೀರನ್ನು ಸ್ಪಾಂಜ್ ಮೂಲಕ ಎಳೆಯುತ್ತವೆ. ಬೆಲೆ ಎಲ್ಲಕ್ಕಿಂತ ಕಡಿಮೆ, ಕೆಡುವ ಭಾಗಗಳೂ ಕಡಿಮೆ. ನೀರಿನ ಸೆಳೆತ ಮೃದು. ಹಾಗಾಗಿ ಬೆಟ್ಟಾ (ಫೈಟರ್) ಮೀನಿಗೆ, ಗಪ್ಪಿ ಮರಿಗಳಿಗೆ ಇದು ಒಳ್ಳೆಯದು. ಮರಿಗಳು ಒಳಗೆ ಸೆಳೆದುಹೋಗುವ ಭಯವಿಲ್ಲ. ನೋಡಲು ಅಷ್ಟು ಚೆಂದವಿಲ್ಲ, ಪಂಪ್ ಸದ್ದು ಮಾಡಬಹುದು. ಸಣ್ಣ ಟ್ಯಾಂಕಿಗೆ, ಮೊದಲ ಸಲ ಮೀನು ಸಾಕುವವರಿಗೆ ನಾವು ಮೊದಲು ಸೂಚಿಸುವುದು ಇದನ್ನೇ.

ಇಂಟರ್ನಲ್ ಪವರ್ ಫಿಲ್ಟರ್: ನೀರಿನೊಳಗೇ ಮುಳುಗಿಸಿ ಗಾಜಿಗೆ ಅಂಟಿಸುವ ಮೋಟಾರ್ ಫಿಲ್ಟರ್. ಕಸ ಚೆನ್ನಾಗಿ ಹಿಡಿಯುತ್ತದೆ. ಆದರೆ ಸ್ಪಾಂಜ್ ಚಿಕ್ಕದು, ಬೇಗ ಕಟ್ಟಿಕೊಳ್ಳುತ್ತದೆ. ಮಧ್ಯಮ ಗಾತ್ರದ ಟ್ಯಾಂಕಿಗೆ ಸಾಕು.

ಹ್ಯಾಂಗ್ ಆನ್ ಫಿಲ್ಟರ್: ಟ್ಯಾಂಕಿನ ಹಿಂಬದಿಯ ಅಂಚಿಗೆ ನೇತುಹಾಕುವಂಥದ್ದು. ನೀರು ಸಣ್ಣ ಜಲಪಾತದಂತೆ ಮರಳಿ ಬೀಳುತ್ತದೆ, ಅದರಿಂದ ಗಾಳಿಯೂ ಬೆರೆಯುತ್ತದೆ. ಒಳಗಿನ ಸ್ಪಾಂಜ್, ಉಂಗುರಗಳನ್ನು ಬದಲಿಸುವುದು ಸುಲಭ.

ಟಾಪ್ ಫಿಲ್ಟರ್: ಟ್ಯಾಂಕಿನ ಮೇಲೆ ಕೂರುವ ಡಬ್ಬಿ. ಕೆಳಗಿನ ಮೋಟಾರ್ ನೀರನ್ನು ಮೇಲೆತ್ತಿ, ಪದರಗಳ ಮೂಲಕ ಕೆಳಗೆ ಬಿಡುತ್ತದೆ. ತೊಳೆಯುವುದು ಸುಲಭ, ಜಾಗ ಧಾರಾಳ. ಗೋಲ್ಡ್‌ಫಿಶ್‌ನಂತೆ ಹೆಚ್ಚು ತಿಂದು ಹೆಚ್ಚು ಕಸ ಮಾಡುವ ಮೀನುಗಳಿಗೆ ಹೊಂದುತ್ತದೆ.

ಕ್ಯಾನಿಸ್ಟರ್ ಫಿಲ್ಟರ್: ಟ್ಯಾಂಕಿನ ಕೆಳಗೆ, ಸ್ಟ್ಯಾಂಡಿನೊಳಗೆ ಇಡುವ ಮುಚ್ಚಿದ ಡಬ್ಬ. ಹೆಚ್ಚು ಸಾಮಗ್ರಿ ತುಂಬಬಹುದು, ಸದ್ದು ಕಡಿಮೆ. ಬೆಲೆ ಹೆಚ್ಚು. ಮೂರು ಅಡಿ ಮೀರಿದ, ಗಿಡಗಳಿರುವ ದೊಡ್ಡ ಟ್ಯಾಂಕಿಗೆ ಸೂಕ್ತ. ಎರಡು ಅಡಿ ಟ್ಯಾಂಕಿಗೆ ಅಷ್ಟು ಹಣ ಸುರಿಯಬೇಕಾಗಿಲ್ಲ.

ಯುವಿ ಇರುವ ಫಿಲ್ಟರ್: ನೇರಳಾತೀತ ಬೆಳಕು ನೀರಿನಲ್ಲಿ ತೇಲುವ ಹಸಿರು ಪಾಚಿಯನ್ನು ಕೊಲ್ಲುತ್ತದೆ. ಗಾಜಿಗೆ ಅಂಟಿದ ಪಾಚಿ ಹೋಗುವುದಿಲ್ಲ, ಅಮೋನಿಯಾವೂ ಹೋಗುವುದಿಲ್ಲ. "ಯುವಿ ಇದೆ, ಇನ್ನೇನೂ ಬೇಡ" ಎನ್ನುವ ಮಾತು ನಂಬಬೇಡಿ.

ಎಷ್ಟು ದೊಡ್ಡದು ಬೇಕು? ಈ ಲೆಕ್ಕ ಮಾಡಿ

ಮೊದಲು ಟ್ಯಾಂಕಿನಲ್ಲಿ ಎಷ್ಟು ಲೀಟರ್ ನೀರಿದೆ ಎಂದು ತಿಳಿಯಿರಿ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಅಳೆದು ಗುಣಿಸಿ, 1000ದಿಂದ ಭಾಗಿಸಿ. ಎರಡು ಅಡಿ ಟ್ಯಾಂಕ್ ಎಂದರೆ ಸುಮಾರು 60 × 30 × 30 = 54,000. ಭಾಗಿಸಿದರೆ 54 ಲೀಟರ್. ಮೇಲೆ ಬಿಟ್ಟ ಜಾಗ, ಕೆಳಗಿನ ಕಲ್ಲು ಕಳೆದರೆ ಸುಮಾರು 45 ಲೀಟರ್ ನೀರು.

ಟ್ಯಾಂಕಿನ ನೀರೆಲ್ಲ ಗಂಟೆಗೆ 4ರಿಂದ 5 ಬಾರಿ ಫಿಲ್ಟರ್ ಮೂಲಕ ಹಾದುಹೋಗಬೇಕು ಎಂಬುದು ಮೋಟಾರ್ ಫಿಲ್ಟರ್‌ಗಳಿಗೆ ರೂಢಿಯ ಅಂದಾಜು. 45 ಲೀಟರ್‌ಗೆ ಅದು ಗಂಟೆಗೆ 180ರಿಂದ 225 ಲೀಟರ್. ಬಾಕ್ಸ್ ಮೇಲೆ ಎಲ್‌ಪಿಎಚ್ ಎಂದು ಬರೆದಿರುವುದು ಇದೇ, ಅಂದರೆ ಗಂಟೆಗೆ ಎಷ್ಟು ಲೀಟರ್ ಎಂದು. ಆ ಸಂಖ್ಯೆ ಸಾಮಾನ್ಯವಾಗಿ ಖಾಲಿ ಫಿಲ್ಟರ್‌ನದ್ದು. ಸ್ಪಾಂಜ್ ತುಂಬಿ, ಕಸ ಕೂತ ಮೇಲೆ ಹರಿವು ಕಡಿಮೆಯಾಗುತ್ತದೆ. ಆದ್ದರಿಂದ 250ರಿಂದ 300 ಎಲ್‌ಪಿಎಚ್‌ನದ್ದು ತೆಗೆದುಕೊಳ್ಳಿ.

ಹಾಗೆಂದು ದೊಡ್ಡದಾದಷ್ಟೂ ಒಳ್ಳೆಯದಲ್ಲ. ಬೆಟ್ಟಾದಂಥ ಮೀನು ರಭಸದ ನೀರಿನಲ್ಲಿ ಈಜಿ ಈಜಿ ದಣಿಯುತ್ತದೆ. ಬಾಕ್ಸಿನ ಸಂಖ್ಯೆಯಷ್ಟೇ ಮುಖ್ಯ ಒಳಗೆ ಸ್ಪಾಂಜ್, ಉಂಗುರಗಳಿಗೆ ಎಷ್ಟು ಜಾಗವಿದೆ ಎಂಬುದು. ಸೂಕ್ಷ್ಮಜೀವಿಗಳು ಇರುವುದು ಅಲ್ಲೇ ತಾನೇ?

ಕರೆಂಟ್ ಬಿಲ್, ಕರೆಂಟ್ ಕಡಿತ

10 ವ್ಯಾಟ್‌ನ ಫಿಲ್ಟರ್ ದಿನದ 24 ಗಂಟೆ ಓಡಿದರೆ 30 ದಿನಕ್ಕೆ 7.2 ಯೂನಿಟ್. 3 ವ್ಯಾಟ್‌ನ ಏರ್ ಪಂಪ್ ಆದರೆ ಸುಮಾರು 2.2 ಯೂನಿಟ್. ರಾತ್ರಿ ಆಫ್ ಮಾಡಿ ಉಳಿಸುವುದು ಇದರ ಮೂರನೇ ಒಂದು ಭಾಗ ಮಾತ್ರ.

ಕರೆಂಟ್ ಆಗಾಗ ಹೋಗುವ ಊರುಗಳಲ್ಲಿ ಸ್ಪಾಂಜ್ ಫಿಲ್ಟರ್‌ಗೆ ಇನ್ನೊಂದು ಅನುಕೂಲವಿದೆ. ಬ್ಯಾಟರಿಯಿಂದ ಓಡುವ ಏರ್ ಪಂಪ್‌ಗೆ ಅದೇ ಕೊಳವೆ ಸಿಕ್ಕಿಸಬಹುದು. ಕ್ಯಾನಿಸ್ಟರ್‌ನಂಥ ಮುಚ್ಚಿದ ಫಿಲ್ಟರ್ ಹಲವು ಗಂಟೆ ನಿಂತರೆ ಒಳಗಿನ ಆಮ್ಲಜನಕ ಮುಗಿದು ಸೂಕ್ಷ್ಮಜೀವಿಗಳು ಸಾಯತೊಡಗುತ್ತವೆ. ತುಂಬಾ ಹೊತ್ತಿನ ನಂತರ ಕರೆಂಟ್ ಬಂದರೆ ಒಳಗಿನ ಕೊಳೆತ ನೀರನ್ನು ಚೆಲ್ಲಿ, ಸ್ಪಾಂಜನ್ನು ಟ್ಯಾಂಕ್ ನೀರಿನಲ್ಲಿ ಜಾಲಾಡಿಸಿ ಆಮೇಲೆ ಶುರುಮಾಡಿ. ಕರೆಂಟ್ ಇಲ್ಲದ ಹೊತ್ತಿನಲ್ಲಿ ಮೀನಿಗೆ ಆಹಾರ ಹಾಕಬೇಡಿ. ಆರೋಗ್ಯವಾಗಿರುವ ದೊಡ್ಡ ಮೀನುಗಳು ಒಂದೆರಡು ದಿನ ಉಪವಾಸ ತಡೆಯಬಲ್ಲವು.

ಓಡಾಡುವ ಮಾತುಗಳು, ನಿಜ ಸಂಗತಿ

ಮಾತು: ವಾರಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿ ಎಲ್ಲವನ್ನೂ ತೊಳೆಯಬೇಕು.
ನಿಜ: ಇದರಿಂದ ಸೂಕ್ಷ್ಮಜೀವಿಗಳು ತೊಳೆದುಹೋಗಿ, ಪ್ರತಿ ವಾರವೂ ಟ್ಯಾಂಕ್ ಮತ್ತೆ ಹೊಸದಾಗುತ್ತದೆ. ನೀರಿನ ಗುಣ ದಿಢೀರನೆ ಬದಲಾಗಿ ಮೀನಿಗೂ ಆಘಾತ. ವಾರಕ್ಕೆ ಶೇ. 20ರಿಂದ 25ರಷ್ಟು ನೀರು ಬದಲಿಸಿದರೆ ಸಾಕು. ಸೋಪು, ಪಾತ್ರೆ ತೊಳೆಯುವ ಪುಡಿ ಟ್ಯಾಂಕಿನ ಹತ್ತಿರವೂ ಸುಳಿಯಬಾರದು.

ಮಾತು: ಒಳ್ಳೆಯ ಫಿಲ್ಟರ್ ಇದ್ದರೆ ನೀರು ಬದಲಿಸಬೇಕಿಲ್ಲ.
ನಿಜ: ಫಿಲ್ಟರ್ ಅಮೋನಿಯಾವನ್ನು ನೈಟ್ರೇಟ್ ಆಗಿಸುತ್ತದೆ ಅಷ್ಟೇ. ಆ ನೈಟ್ರೇಟ್ ನೀರಿನಲ್ಲೇ ಕೂಡುತ್ತದೆ. ಅದು ಹೊರಹೋಗಬೇಕೆಂದರೆ ನೀರು ಬದಲಿಸಲೇಬೇಕು.

ಮಾತು: ರಾತ್ರಿ ಫಿಲ್ಟರ್ ಆಫ್ ಮಾಡಬಹುದು.
ನಿಜ: ಮೀನು ರಾತ್ರಿಯೂ ಉಸಿರಾಡುತ್ತದೆ, ಅಮೋನಿಯಾ ಬಿಡುತ್ತದೆ. ಗಿಡಗಳಿದ್ದರೆ ಅವೂ ರಾತ್ರಿ ಆಮ್ಲಜನಕ ಬಳಸುತ್ತವೆ. ಆಫ್ ಮಾಡಬೇಕಾದ್ದು ಲೈಟ್, ಫಿಲ್ಟರ್ ಅಲ್ಲ.

ಮಾತು: ಗುಳ್ಳೆ ಬರುತ್ತಿದ್ದರೆ ನೀರು ಶುದ್ಧವಾಗುತ್ತಿದೆ.
ನಿಜ: ಬರೀ ಏರ್ ಸ್ಟೋನ್‌ನಿಂದ ಆಮ್ಲಜನಕ ಬೆರೆಯುತ್ತದೆ, ಶೋಧನೆ ಆಗುವುದಿಲ್ಲ. ಅದೇ ಗಾಳಿಗೆ ಸ್ಪಾಂಜ್ ಜೋಡಿಸಿದರೆ ಫಿಲ್ಟರ್ ಆಗುತ್ತದೆ.

ಮಾತು: ಸಕ್ಕರ್ ಮೀನು ಬಿಟ್ಟರೆ ಟ್ಯಾಂಕ್ ತಾನೇ ಸ್ವಚ್ಛ.
ನಿಜ: ಅದು ಸ್ವಲ್ಪ ಪಾಚಿ ತಿನ್ನುತ್ತದೆ, ಆದರೆ ತಾನೇ ರಾಶಿ ಹಿಕ್ಕೆ ಹಾಕುತ್ತದೆ. ಬೆಳೆದರೆ ಒಂದು ಅಡಿ ಮೀರುತ್ತದೆ. ದೊಡ್ಡದಾಯಿತೆಂದು ಕೆರೆಗೆ ಬಿಡುವವರಿದ್ದಾರೆ. ದಕ್ಷಿಣ ಅಮೆರಿಕ ಮೂಲದ ಈ ಮೀನು ಹೀಗೆಯೇ ಭಾರತದ ಹಲವು ಕೆರೆ, ನದಿಗಳಲ್ಲಿ ಸೇರಿಕೊಂಡು ಸ್ಥಳೀಯ ಮೀನುಗಳಿಗೂ ಮೀನುಗಾರರ ಬಲೆಗಳಿಗೂ ತೊಂದರೆ ಕೊಡುತ್ತಿದೆ. ದಯವಿಟ್ಟು ಬಿಡಬೇಡಿ, ಅಂಗಡಿಗೆ ಹಿಂದಿರುಗಿಸಿ.

ಮಾತು: ನೀರು ಕದಡಿದರೆ ಪಟಿಕ ಹಾಕಿ.
ನಿಜ: ಪಟಿಕ ಕಣಗಳನ್ನು ತಳಕ್ಕಿಳಿಸಿ ನೀರನ್ನು ತಿಳಿಯಾಗಿಸುತ್ತದೆ, ಅಮೋನಿಯಾ ಹಾಗೆಯೇ ಉಳಿಯುತ್ತದೆ. ಜೊತೆಗೆ ನೀರಿನ ಪಿಎಚ್ ಇಳಿಸಿ ಮೀನಿಗೆ ಅಪಾಯ ತರಬಹುದು.

ಫಿಲ್ಟರ್ ತೊಳೆಯುವ ಸರಿಯಾದ ಕ್ರಮ

ನೀರು ಬದಲಿಸುವ ದಿನ, ಟ್ಯಾಂಕಿನಿಂದ ತೆಗೆದ ಹಳೆಯ ನೀರನ್ನು ಬಕೆಟ್‌ನಲ್ಲಿ ಇಟ್ಟುಕೊಳ್ಳಿ. ಸ್ಪಾಂಜನ್ನು ಅದರಲ್ಲಿ ಎರಡು ಮೂರು ಸಲ ಹಿಂಡಿ. ಪೂರ್ತಿ ಬಿಳಿಯಾಗಬೇಕಿಲ್ಲ, ನೀರು ಸರಾಗವಾಗಿ ಹರಿದರೆ ಸಾಕು. ನಲ್ಲಿಯಡಿ ಹಿಡಿದರೆ ಅದರ ಕ್ಲೋರಿನ್ ಸೂಕ್ಷ್ಮಜೀವಿಗಳನ್ನು ಕೊಲ್ಲಬಹುದು. ಸ್ಪಾಂಜ್, ಉಂಗುರ ಎಲ್ಲವನ್ನೂ ಒಂದೇ ದಿನ ಹೊಸದಾಗಿ ಬದಲಿಸಬೇಡಿ. ಒಂದನ್ನು ಬದಲಿಸಿ, ಕೆಲವು ವಾರ ಬಿಟ್ಟು ಇನ್ನೊಂದು. ಆ ಬಕೆಟ್ ನೀರು ಹೂಕುಂಡಗಳಿಗೆ ಒಳ್ಳೆಯ ಗೊಬ್ಬರ.

ಹೊಸದಾಗಿ ಹಾಕುವ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರಬಾರದು. ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಅಥವಾ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ದ್ರವ ಬಳಸಬಹುದು. ಕ್ಲೋರಮೈನ್ ಬಳಸುವ ಊರುಗಳಲ್ಲಿ, ಮುಖ್ಯವಾಗಿ ವಿದೇಶಗಳಲ್ಲಿರುವ ಕನ್ನಡಿಗರು ಇದನ್ನು ಗಮನಿಸಿ, ಬರೀ ತೆರೆದಿಟ್ಟರೆ ಸಾಲದು, ಅದಕ್ಕೆಂದೇ ಇರುವ ದ್ರವ ಬೇಕು.

ನಿಮ್ಮ ಸುರಕ್ಷತೆಗೂ ನಾಲ್ಕು ಮಾತು

ನೀರಿಗೆ ಕೈ ಹಾಕುವ ಮೊದಲು ಫಿಲ್ಟರ್, ಹೀಟರ್, ಲೈಟ್‌ಗಳ ಪ್ಲಗ್ ತೆಗೆಯಿರಿ. ವೈರ್ ಪ್ಲಗ್‌ಗಿಂತ ಕೆಳಗೆ ಜೋತು ಬಿದ್ದು ಮೇಲೇರುವಂತೆ ಬಿಡಿ, ವೈರ್ ಗುಂಟ ಇಳಿಯುವ ನೀರು ಪ್ಲಗ್ ಮುಟ್ಟದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಅಥವಾ ಕೊಳವೆಗೆ ನಾನ್ ರಿಟರ್ನ್ ವಾಲ್ವ್ ಹಾಕಿ. ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಕೊಳವೆಯಲ್ಲಿ ಹಿಂದೆ ಹರಿದು ಪಂಪಿಗೇ ಬರಬಹುದು. ಪೈಪನ್ನು ಬಾಯಲ್ಲಿ ಎಳೆದು ನೀರು ತೆಗೆಯಬೇಡಿ. ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿ. ಟ್ಯಾಂಕ್ ನೀರಿನಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ (ಮೈಕೋಬ್ಯಾಕ್ಟೀರಿಯಂ ಮೆರಿನಂ) ಗಾಯದ ಮೂಲಕ ಚರ್ಮಕ್ಕೆ ಸೋಂಕು ತರಬಲ್ಲದು. ಗಾಯ ವಾರಗಟ್ಟಲೆ ಮಾಯದೆ ಗಂಟಾದರೆ, ಮನೆಯಲ್ಲಿ ಅಕ್ವೇರಿಯಂ ಇದೆ ಎಂದು ವೈದ್ಯರಿಗೆ ತಿಳಿಸಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳಿಗೂ ಅಭ್ಯಾಸ ಮಾಡಿಸಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

• ತಿಳಿ ನೀರೆಲ್ಲ ಶುದ್ಧ ನೀರಲ್ಲ. ಮೀನು ಮೇಲೆ ಬಂದು ಬಾಯಿ ಬಿಟ್ಟರೆ ಕಾಲು ಭಾಗ ನೀರು ತಕ್ಷಣ ಬದಲಿಸಿ, ಅಮೋನಿಯಾ ಪರೀಕ್ಷಿಸಿ.
• ಸಣ್ಣ ಟ್ಯಾಂಕಿಗೆ ಸ್ಪಾಂಜ್ ಫಿಲ್ಟರ್ ಸಾಕು. ಗೋಲ್ಡ್‌ಫಿಶ್‌ಗೆ ಟಾಪ್ ಅಥವಾ ಹ್ಯಾಂಗ್ ಆನ್, ದೊಡ್ಡ ಟ್ಯಾಂಕಿಗೆ ಕ್ಯಾನಿಸ್ಟರ್.
• ಮೋಟಾರ್ ಫಿಲ್ಟರ್‌ಗೆ ಗಂಟೆಗೆ ಟ್ಯಾಂಕಿನ ನೀರಿನ 4–5 ಪಟ್ಟು ಹರಿವು ಬೇಕು. ಬಾಕ್ಸ್ ಮೇಲಿನ ಸಂಖ್ಯೆ ಅದಕ್ಕಿಂತ ತುಸು ಹೆಚ್ಚಿರಲಿ.
• ಫಿಲ್ಟರ್ ಹಗಲೂ ರಾತ್ರಿ ಓಡಲಿ. ಸ್ಪಾಂಜನ್ನು ಟ್ಯಾಂಕಿನ ಹಳೇ ನೀರಿನಲ್ಲೇ ತೊಳೆಯಿರಿ.
• ವಾರಕ್ಕೆ ಕಾಲು ಭಾಗ ನೀರು ಬದಲಿಸಿ, ಪೂರ್ತಿ ಅಲ್ಲ.
• ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ.

ಮೀನು ಸತ್ತಾಗ ಕೆಡುಕು ಕಳೆಯಿತು ಎಂದುಕೊಳ್ಳುವ ಮೊದಲು ಒಂದು ಅಮೋನಿಯಾ ಟೆಸ್ಟ್ ಮಾಡಿ ನೋಡಿ. ಟ್ಯಾಂಕಿನಲ್ಲಿ ಉಳಿದಿರುವ ಮೀನುಗಳನ್ನು ಕಾಪಾಡಲು ಇನ್ನೂ ಸಮಯವಿರುತ್ತದೆ.